ಅರವತ್ತು ದಿನ

ಬಾಡಿಗೆ ಏರಿಸುವುದಿದ್ದರೆ ಅರವತ್ತು ದಿನ ಮೊದಲೇ ತಿಳಿಸತಕ್ಕದ್ದು.
ಮೆಕ್ಸಿಕೋ ಕೊಲ್ಲಿಯ ದಂಡೆಯ ಈ ಪುಟ್ಟ ಊರು
ಹೀಗೊಂದು ಸಾಲು ಬರೆದುಕೊಂಡಿತ್ತು,
ಐವರಲ್ಲಿ ನಾಲ್ವರು ಕೈಯೆತ್ತಿ.
(ಐದನೆಯವನಿಗೆ ಮೂರು ಕಟ್ಟಡ.)
ಟೈಪು ಮಾಡಿದವಳು ಪುರಸಭೆಯ ಗುಮಾಸ್ತೆ ವರ್ನಾ ಟಟ್ಲ್.
ರಾತ್ರಿ ಹನ್ನೊಂದೂವರೆ. ಹೋಟೆಲ್ ಲಾಂಡ್ರಿಯ ಹೆಂಗಸರು
ಅಳಲಿಲ್ಲ, ಕುಣಿಯಲಿಲ್ಲ, ಸಭೆಯ ಕುರ್ಚಿಗಳನ್ನೆಲ್ಲ
ಚಾದರ ಮಡಿಸಿದಷ್ಟೇ ಚೊಕ್ಕವಾಗಿ ಮಡಿಸಿ
ಗೋಡೆಗೊರಗಿಸಿ ಮನೆಗೆ ಹೋದರು.

ಹದಿನಾಲ್ಕು ತಿಂಗಳು ಬದುಕಿತು ಆ ಸಾಲು.

ಆಮೇಲೆ, ಆರು ಗಂಟೆ ದಾರಿಯಾಚೆ, ರಾಜಧಾನಿಯಲ್ಲಿ
ಈ ಊರ ಉಪ್ಪುಗಾಳಿ ಕುಡಿಯದ ಯಾರೋ
ಮನೆಯೊಡೆಯರ, ಬಾಡಿಗೆಯವರ ಮಾತು
ಇನ್ನು ರಾಜ್ಯಕ್ಕೇ ಸೇರಿದ್ದು,
ಊರುಗಳು ಬಾಯಿ ಹಾಕಕೂಡದು ಎಂದರು.
ಅವರ ವಾದವೂ ಪೂರ್ತಿ ಸುಳ್ಳಲ್ಲ:
ಊರಿಗೊಂದು ಕಾನೂನಾದರೆ, ಸೇತುವೆ ದಾಟುವಷ್ಟರಲ್ಲಿ
ಒಬ್ಬನೇ ಮನುಷ್ಯ ಆ ದಡದಲ್ಲಿ ಸರಿ, ಈ ದಡದಲ್ಲಿ ತಪ್ಪು.
ದೇವರು ಕೊಟ್ಟರೂ ಪೂಜಾರಿ ಕೊಡ ಅಂತೀವಿ ನಾವು.
ಇಲ್ಲಿ ಪೂಜಾರಿ ಕೊಟ್ಟಿದ್ದ;
ದೇವರೇ ಇಳಿದು ಬಂದು ಎಲೆಯಿಂದ ಎತ್ತಿಕೊಂಡ.

ವರ್ನಾಗೆ ಆದೇಶ ಬಂತು: ಸಾಲನ್ನು ಹೊಡೆದುಹಾಕು.
ಅಳಿಸುವಂತಿಲ್ಲ, ಮೇಲೊಂದು ಗೆರೆ ಅಷ್ಟೆ,
ಮುಂದೆ ಓದಿದವರಿಗೆ ಇಲ್ಲೇನೋ ಇತ್ತು ಅಂತ ತಿಳಿಯಬೇಕು.
ಕಾನೂನಿಗೂ ಇದೆಯಲ್ಲ, ಅಷ್ಟು ನಾಚಿಕೆ.
ಎಳೆದಳು. ಗೆರೆಯಡಿ ಅರವತ್ತು
ಕಣ್ಣು ಕಿರಿದು ಮಾಡದೆಯೇ ಓದಬಹುದಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಕಡತ ಸಾಕಿತ್ತು, ಪದ್ಯ ಬೇಕಿರಲಿಲ್ಲ.
ವರ್ನಾಳ ಗ್ಯಾರೇಜಿನ ಮೇಲೆ ಒಂದು ಕೋಣೆ.
ಅಲ್ಲಿ ಏಳು ವರ್ಷದಿಂದ ಹೈಟಿಯ ಮಿರ್ಲಾಂದ್,
ಅವತ್ತು ಕುರ್ಚಿ ಮಡಿಸಿದವರಲ್ಲೊಬ್ಬಳು.
ಕಿಟಕಿಯಲ್ಲಿ, ಬಣ್ಣದ ಡಬ್ಬಿಯೊಳಗೆ ಅವಳ ಮೆಣಸಿನ ಗಿಡ.
ಬಿರುಗಾಳಿ ವಿಮೆಯ ಕಂತು ಈ ವರ್ಷ ದುಪ್ಪಟ್ಟು;
ವರ್ನಾ ಏರಿಸಲೇಬೇಕು, ಬೇರೆ ದಾರಿಯಿಲ್ಲ.
ಪತ್ರ ಸಿದ್ಧ. ತಾರೀಖಿನ ಜಾಗ ಖಾಲಿ.
ಈಗ ಮೂವತ್ತೇ ದಿನ ಸಾಕು. ಅದು ಈ ಊರಲ್ಲಿ
ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸುತ್ತಾಳೆ.
ಇಪ್ಪತ್ತೆಂಟು. ಇಪ್ಪತ್ತೊಂಬತ್ತು. ಮೂವತ್ತು.
ಬೆರಳು ನಿಲ್ಲುತ್ತದೆ.
ಮೇಲೆ ನಲ್ಲಿ ತಿರುಗಿದ ಸದ್ದು; ಗಿಡಕ್ಕೆ ನೀರಿರಬೇಕು.
ಪುಟ ಮಗುಚಿ,
ಯಾರಾದರೂ ಕೇಳಿಸಿಕೊಂಡಾರು ಎಂಬಂತೆ
ತೀರ ಸಣ್ಣ ದನಿಯಲ್ಲಿ
ಮೂವತ್ತೊಂದು ಅನ್ನುತ್ತಾಳೆ.