ಲಾವತ್ತು

ಮೊದಲು ಬೇಕಾದದ್ದು ಕತ್ತಲೆ.
ಗಾಜಿನ ಈಚೆ ದೀಪ, ಆಚೆ ಕತ್ತಲೆ ಇದ್ದರೆ ಮಾತ್ರ
ಕನ್ನಡಿ ಕನ್ನಡಿಯಾಗುತ್ತದೆ.
ಇಲ್ಲದಿದ್ದರೆ ಅದೊಂದು ಕಿಟಕಿ, ಅಷ್ಟೇ.
ಇದು ನನಗೆ ಆಮೇಲೆ ಗೊತ್ತಾಯಿತು.

ಕಾಜುಬಾಗದಲ್ಲಿ ಬಾಗಿಲು ಹಾಕಿದ ಟೈಪಿಂಗ್ ಕ್ಲಾಸಿನಿಂದ
ಆರುನೂರಕ್ಕೆ ಒಂದು ಮಾನಿಟರ್.
ಮೂಲೆಯಲ್ಲಿ ಇನ್ನೂ ಅಂಟಿತ್ತು ಯಾರದೋ ಬಿಂದಿ.
ಅಂಕೋಲೆಯ ಹುಡುಗ, ಕಾರಿನ ಗಾಜಿಗೆ ಕಪ್ಪು ಹಚ್ಚುವವನು,
ಬೆಳ್ಳಿಬಣ್ಣದ ಹಾಳೆಯನ್ನು ಉಜ್ಜಿ ಉಜ್ಜಿ ಕೂರಿಸಿ
ಒಂದು ಗುಳ್ಳೆ ಉಳಿಸಿಬಿಟ್ಟ.
"ಇರಲಿ ಬಿಡಿ, ದೃಷ್ಟಿಬೊಟ್ಟು" ಅಂದ.
ಚೌಕಟ್ಟಿಗೆ ಹಲಸು. ದೋಣಿ ರಿಪೇರಿಯ ಶಾಣು ಮೇಸ್ತ
ಬೈತಖೋಲದಲ್ಲಿ ಕೂತು ಕೆತ್ತಿ ಕೊಟ್ಟ,
ಸಂದಿಸಂದಿಗೆ ಡಾಂಬರು ಮೆತ್ತಿ.
"ಬಚ್ಚಲಲ್ಲಿ ಕರೆಂಟು? ಮುಳುಗಿದರೆ ನನ್ನ ಕೇಳಬೇಡ."

ನಾನು ಬಂದರಿನ ಐಸ್ ಫ್ಯಾಕ್ಟರಿಯವನು,
ಅವಳು ಜಿಲ್ಲಾ ಆಸ್ಪತ್ರೆಯ ನರ್ಸು.
ನಾನು ಅಮೋನಿಯಾ ಹೊತ್ತು ಬಂದಾಗ ಅವಳು ಹೊರಟಿರುತ್ತಾಳೆ,
ಅವಳು ಡೆಟಾಲ್ ಹೊತ್ತು ಬಂದಾಗ ನಾನು.
ನಡುವೆ ಕೋಡಿಬಾಗದ ಈ ಮನೆ, ನಾಲ್ಕಡಿ ಆರಡಿಯ ಬಚ್ಚಲು,
ಒಂದೇ ಬಕೆಟ್ಟು.
ಅದಕ್ಕೇ ಹುಟ್ಟಿದ ಯೋಚನೆ:
ಹಲ್ಲುಜ್ಜುವಾಗ ಕನ್ನಡಿ ಹೇಳಲಿ
ಇಂದು ಅವಳಿಗೆ ಯಾವ ಪಾಳಿ, ನನಗೆ ಯಾವುದು,
ಭರತಿ ಎಷ್ಟೊತ್ತಿಗೆ, ಐಸು ಕೇಳಿಕೊಂಡು ದೋಣಿ ಯಾವಾಗ ಬಂದಾವು,
ಗ್ಯಾಸು ಬುಕ್ ಮಾಡಿ ಎಷ್ಟು ದಿನವಾಯಿತು.

ರಜೆಯ ದಿನ. ಗೋಡೆಯ ಹಳೇ ಬೆಳಕಿಂಡಿ ಅಗಲ ಮಾಡಿ
ಗಾಜು ಕೂರಿಸಿದ್ದೆ. ಮಾನಿಟರ್ ಇನ್ನೂ ನೆಲದ ಮೇಲೆ.
ಹಿಂದಿನ ಕಟ್ಟಿಗೆ ಕೋಣೆಯಲ್ಲಿ ನಾನು, ಬಾಯಲ್ಲಿ ಎರಡು ಸ್ಕ್ರೂ,
ಬಲ್ಬು ಆರಿಸಿ ಬೆವರು ಒರೆಸುತ್ತಿದ್ದೆ.
ಬಚ್ಚಲಲ್ಲಿ ದೀಪ ಹತ್ತಿತು.

ಕ್ಲೆಮೆಂಟಿನಾ.
ಯೂನಿಫಾರ್ಮಿನಲ್ಲೇ ಇದ್ದಳು, ಮೂಗಿನ ಮೇಲೆ ಮಾಸ್ಕಿನ ಗೆರೆ.
ಮುಖ ತೊಳೆಯಲಿಲ್ಲ. ಸುಮ್ಮನೆ ನೋಡಿದಳು,
ನನ್ನತ್ತಲೇ. ನನ್ನನ್ನಲ್ಲ.
ಗದ್ದದಡಿಯ ಚರ್ಮ ಹಿಡಿದು ಬಿಟ್ಟಳು.
ಯಾರಿಗೋ ಏನೋ ಉತ್ತರ ಕೊಡುವ ಹಾಗೆ ಹುಬ್ಬು ಎತ್ತಿದಳು,
ಆಮೇಲೆ ನಕ್ಕಳು. ಅರ್ಧ.
ಹದಿನೇಳು ವರ್ಷ. ಯಾರೂ ಇಲ್ಲದಾಗ ಅವಳು ಹೇಗಿರುತ್ತಾಳೆ
ನಾನು ನೋಡಿರಲಿಲ್ಲ. ನೋಡುವುದಾದರೂ ಹೇಗೆ,
ನಾನಿದ್ದರೆ ಯಾರೋ ಇದ್ದ ಹಾಗಲ್ಲವೆ.
ನಾಲಿಗೆಗೆ ಸ್ಕ್ರೂವಿನ ತುಕ್ಕು ರುಚಿ.
ಕೈಗೆ ಸಿಕ್ಕ ಗೋಣಿಚೀಲ ಗಾಜಿಗೆ ಒತ್ತಿದೆ,
ದೀಪ ಆರುವ ತನಕ ಒತ್ತಿ ಹಿಡಿದೇ ಇದ್ದೆ.
ಹೇಳಲಿಲ್ಲ. ಇನ್ನೂ ಹೇಳಿಲ್ಲ.

ಮರುದಿನ ಕಪ್ಪು ಕಾಗದ, ಮಾನಿಟರ್,
ಇಸ್ಪೀಟು ಕಟ್ಟಿನಷ್ಟು ಒಂದು ಕಂಪ್ಯೂಟರು,
ಸಿಲಿಕಾನು, ಅರ್ಥಿಂಗು. ಸ್ವಿಚ್ಚು.
ಗಾಜಿನ ಆಳದಿಂದ ಬಿಳಿ ಅಕ್ಷರ ಮೇಲೆ ಬಂದವು
ಬಲೆ ಎಳೆದಾಗ ಮೀನಿನ ಹೊಟ್ಟೆ ಹೊಳೆದ ಹಾಗೆ.
ಆದರೆ ಒತ್ತಕ್ಷರ ಒಂದೂ ಕೂತಿರಲಿಲ್ಲ.
ಸಮುದ್‌ರ. ಆಸ್‌ಪತ್‌ರೆ.
ಕ್‌ಲೆಮೆಂಟಿನಾ: ರಾತ್‌ರಿ ಪಾಳಿ.
ಮೂರು ದಿನ ಫಾಂಟು ಬದಲಿಸಿ ಬದಲಿಸಿ ಸೋತೆ.

ಅವಳು ಬಂದು ನಿಂತಳು, ಹೆಗಲಿಗೆ ಟವೆಲು.
ತನ್ನ ಹೆಸರು ಓದಿದಳು, ಎಡವಿದಳು, ಮತ್ತೆ ಓದಿದಳು.
"ನಮ್ಮ ಸಿಸ್ಟರ್ ನೋಡಿದ್ದರೆ ನಿನ್ನ ಕನ್ನಡಿಯನ್ನು
ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು."
ನಲ್ಲಿಯಡಿ ಬೆರಳು ಹಿಡಿದು
ಕಕಾರದ ಕೆಳಗೆ ಬರೆದಳು ಒಂದು ಲಾವತ್ತು.
ನೀರಿನದು.
ಅದು ಗಾಜಿನೊಳಗಿನ ಅವಳ ಗದ್ದ ಹಾದು,
ಭರತಿಯ ಹೊತ್ತು ದಾಟಿ,
ಹಲಸಿನ ಚೌಕಟ್ಟಿಗೆ ಇಳಿಯಿತು.

ಬೇಕಾದ ಕಡತ ಆಮೇಲೆ ಸಿಕ್ಕಿತು. ಹಾಕಿಲ್ಲ.
ನಮ್ಮ ಬಾವಿಯದು ಸವುಳು ನೀರು,
ಒಣಗಿದರೂ ಬಿಳಿ ಗೆರೆ ಬಿಡುತ್ತದೆ.
ಪಾಳಿ ಮುಗಿಸಿ ಬಂದು ನಾನು ಮುಖ ತೊಳೆಯುವಾಗ
ಅದು ಸರಿಯಾಗಿ ನನ್ನ ಎಡಗಣ್ಣಿನ ಕೆಳಗೆ ಬರುತ್ತದೆ.