ಗಾಲಿಕುರ್ಚಿ ನಂಬರ್ ಒಂಬತ್ತು

ಮೂವತ್ತೊಂದು ವರ್ಷ ಟಿಕೀಟು ಹರಿದ ಕೈ ಇದು,
ಬಾಗಲಕೋಟಿ–ಬಾದಾಮಿ, ಬಾದಾಮಿ–ಬಾಗಲಕೋಟಿ.
ರಿಟೈರ್ ಆಗಿ ಮನ್ಯಾಗ ಕುಂತರ
ಹೆಬ್ಬೆರಳು ಸುಮ್ಮನ ತಿಕ್ಕತಿತ್ತು
ಏನೂ ಇಲ್ಲದ ಗಾಳಿನ.

ಅದಕ್ಕ ಇಲ್ಲಿಗೆ ಬಂದೆ.
ನವನಗರದಾಗ ಹಿಟ್ಟಿನ ಗಿರಣಿ ಬಾಜೂಕ ಒಂದು ಖೋಲಿ,
‘ಆಸರ ಬಳಗ’ ಅನ್ನೋ ಬೋರ್ಡು,
ಅಕ್ಷರದ ಮ್ಯಾಲೆಲ್ಲಾ ಜ್ವಾಳದ ಹಿಟ್ಟು.
ಒಳಗ ಬಡಗಿ, ವಾಕರ್, ನೀರಿನ ಹಾಸಿಗಿ,
ನಡುವ ತೂತಿರೋ ಕುರ್ಚಿ.
ಅದರ ಹೆಸರು ಹೇಳಾಕ ಎಂಥವರೂ ನಾಚತಾರ,
“ಅದು... ಅದನ್ರೀ...” ಅಂತ ಬಟ್ಟು ಮಾಡತಾರ.
ಇನ್ನೂರು ರೂಪಾಯಿ ಡಿಪಾಜಿಟ್ಟು.
ಇಲ್ಲದವರಿಗೆ ಅದೂ ಇಲ್ಲ.

ರಜಿಸ್ಟರಿನಾಗ ನಾಕು ಕಾಲಂ:
ಸಾಮಾನು, ಹೆಸರು, ಒಯ್ದದ್ದು, ಮರಳಿದ್ದು.
ಯಾಕ ಮರಳಿತು ಅಂತ ಕೇಳೂದಲ್ಲ,
ಮೊದಲನೇ ದಿನಾನ ತಾಕೀತು ಮಾಡಿದ್ದಳು
ಬಳಗ ಕಟ್ಟಿದ ಶಾಂತಕ್ಕ ಸರಗಣಾಚಾರಿ.
ಕೇಳೂದು ಬ್ಯಾಡ ಬಿಡ್ರಿ, ಗೊತ್ತಾಗತೈತಿ.
ಕೆಲವರು ವಾಕರನ್ನ ಹೆಗಲ ಮ್ಯಾಲೆ ಹೊತ್ತು ತರತಾರ,
ಸುಣ್ಣಾ ಹಚ್ಚಿ ಮುಗಿಸಿದ ಮ್ಯಾಲೆ ಏಣಿ ತಂದಂಗ.
ಕೆಲವರು ತೊಳದು, ಒರಸಿ,
ಎರಡೂ ಕೈಲೆ ಹಿಡದು ತರತಾರ,
ಡಿಪಾಜಿಟ್ಟು ಇಸಗೊಳ್ಳೂದ ಮರೀತಾರ.

ಒಂದು ವಾಕರಿನ ಹಿಡಿಕಿಗೆ
ಗುಳೇದಗುಡ್ಡದ ಖಣದ ಚೂರು ಸುತ್ತಿ ಹೊಲದಾರ.
ಯಾರ ಅಂಗೈ ಬೆವರತಿತ್ತೋ.
ಬಿಚ್ಚಾಕ ಮನಸಾಗಲಿಲ್ಲ ನನಗ.
ಈಗ ಅದು ಲಾರಿ ಡ್ರೈವರ್ ಗಿಡ್ಡಪ್ಪನ ಮನ್ಯಾಗೈತಿ,
ಕೆಂಪು ಖಣದ ಮ್ಯಾಲೆ ಡೀಸೆಲ್ ಹತ್ತಿದ ಬೆರಳು.

ಲೆಕ್ಕಾ ಎಲ್ಲಾ ಚೊಕ್ಕ.
ಒಂಬತ್ತನೇ ಗಾಲಿಕುರ್ಚಿ ಒಂದು ಬಿಟ್ಟು.
ಹೋಗಿ ಎರಡು ವರ್ಷ. ಹೆಸರು, ದ್ಯಾಮವ್ವ ಕಟಗೇರಿ.
ರಜಿಸ್ಟರ್ ಬಗಲಾಗ ಹಿಡಕೊಂಡು ಹೊಂಟೆ.

“ನಮ್ಮತ್ತಿ ಹ್ವಾದ ವರ್ಷಾನ ಹೋದಳ್ರಿ.
ಕುರ್ಚಿ ಹಿಂದಿನ ಓಣಿ ಖೈರುನಬಿಗೆ ಕೊಟ್ಟೇವಿ,
ಆಕಿ ಮಗ ಗಾರೆ ಕೆಲಸದಾಗ ಮ್ಯಾಲಿಂದ ಬಿದ್ದಿದ್ದ.”

“ಹುಡುಗ ಎದ್ದ ಕಾಕಾ, ಕೆಲಸಕ್ಕ ಹೋಗ್ಯಾನ.
ಕುರ್ಚಿ ಹಳೇ ಊರಾಗೈತಿ, ಪತ್ತಾರ ರಾಮಕ್ಕನ ಕಡೆ.
ನಿಮಗ ಹೇಳಬೇಕಿತ್ತೇನು?”

ಹೇಳಬೇಕಿತ್ತೇನು!
ಡಿಪಾಜಿಟ್ಟಿಲ್ಲ, ಸಹಿ ಇಲ್ಲ, ಟಿಕೀಟಿಲ್ಲದ ಪ್ರಯಾಣ.
ನಡುವ ಚೆಕ್ಕಿಂಗ್ ಹತ್ತಿದ್ರ ನನ್ನ ಗತಿ?
ಬೈಕೋತ ಇಳದೆ ಹಳೇ ಬಾಗಲಕೋಟಿಗೆ,
ಹಿನ್ನೀರು ಅರ್ಧಾ ನುಂಗಿ ಅರ್ಧಾ ಬಿಟ್ಟ ಓಣಿಗೆ.

ಬಾಗಲಾಗ ಕುಂತಿದ್ದಳು ಮುದುಕಿ,
ಕುರ್ಚಿಯ ಎರಡೂ ತೋಳಿನ ಮ್ಯಾಲೆ ಮರ ಇಟ್ಟು
ತೊಗರಿಬ್ಯಾಳಿ ಆರಸಕೋತ.
ಬೆನ್ನಿಗೆ ನಾನಾ ಬರದ ಒಂಬತ್ತು,
ಕೆಂಪು ಬಣ್ಣ ಅರ್ಧಾ ಹೋಗಿ ಸೊನ್ನಿ ಆಗಿತ್ತು.

ನಾ ಬಾಯಿ ತೆಗಿಯೂದ್ರೊಳಗ ಆಕಿನ ಅಂದಳು:
“ಬಳಗದವನೇನು? ಎಷ್ಟ ತಡಾ ಮಾಡಿ ಬಂದ್ಯೋ ಯಪ್ಪಾ!
ಎಡಗಡಿ ಗಾಲಿ ಹೊಯ್ಕೋತೈತಿ ನೋಡು,
ಕೂಸು ಮಲಗವಲ್ದು.”

ರಜಿಸ್ಟರ್ ಕಟ್ಟಿ ಮ್ಯಾಲಿಟ್ಟೆ.
ಸೈಕಲ್ ಅಂಗಡಿಗೆ ಹೋಗಿ ಎಣ್ಣಿ ತಂದೆ.
ಮಣಕಾಲೂರಿ ಕುಂತು ಗಾಲಿ ತಿರುವಿದೆ, ಎಣ್ಣಿ ಬಿಟ್ಟೆ, ತಿರುವಿದೆ.
ಹೊಯ್ಕೊಳ್ಳೂದು ಗುಣಗುಣ ಆತು,
ಗುಣಗುಣ ಹೋಗಿ
ಒಳಗ ತೊಟ್ಟಿಲ ಹಗ್ಗದ ಸಪ್ಪಳ ಕೇಳಸ್ತು.

ಸೆರಗಿನ ಗಂಟು ಬಿಚ್ಚಿ ಐವತ್ತರ ನೋಟು ಚಾಚಿದಳು.
“ಚಿಲ್ಲರ ಇಲ್ಲಬೇ” ಅಂದೆ.
ಹಳೇ ಚಾಳಿ, ಉಪಯೋಗಕ್ಕ ಬಂತು.

ಸಂಜಿಗೆ ಖೋಲಿಗೆ ಬಂದು ಪುಟ ತೆರದೆ.
ದ್ಯಾಮವ್ವನ ಕೆಳಗ ಖೈರುನಬಿ,
ಖೈರುನಬಿ ಕೆಳಗ ರಾಮಕ್ಕ,
ಸಣ್ಣಕ, ಪೆನ್ಸಿಲಿನಾಗ.
‘ಮರಳಿದ್ದು’ ಅನ್ನೋ ಕಡೆ ಏನು ಬರೀಬೇಕು ತಿಳೀಲಿಲ್ಲ.
ಅಲ್ಲಿ ಹೆಬ್ಬೆರಳಿನ ಎಣ್ಣಿ ಹತ್ತಿತ್ತು.
ಹಾಳಿ ಅಷ್ಟಗಲ ತೆಳ್ಳಗಾಗಿ
ಮುಂದಿನ ಪುಟದ ಹೆಸರು ಕಾಣತಿತ್ತು.