ಕಿವಿಯ ಹಿಂದಿನ ಎಲುಬು

ಪಾಸು ಕೊಟ್ಟವ ಪಾವ್ಲು.
ಹಸಿರು ದಾರ, ತುದಿಗೊಂದು ಕಾರ್ಡು:
ಜಗದ ಹಾಡು, ಕಾರವಾರ, ಮೂರು ದಿನ.
ಅವನಿಗೆ ಗೊತ್ತಿಲ್ಲದ್ದಲ್ಲ,
ನಲವತ್ತು ವರ್ಷ ಬೈತಕೋಲದ ಧಕ್ಕೆಯಲ್ಲಿ
ಟ್ರಾಲರಿನ ಇಂಜಿನ್ನಿಗೆ ತಲೆ ಕೊಟ್ಟವ ನಾನು.
ಎಡಗಿವಿ ಪೂರ್ತಿ ಹೋಗಿದೆ,
ಬಲಗಿವಿಯಲ್ಲಿ ಉಳಿದದ್ದು
ಡಬ್ಬಿಯ ತಳದ ಗ್ರೀಸಿನಷ್ಟು.
'ನೋಡಲಿಕ್ಕಾದರೂ ಬಾ ಮೇಸ್ತ್ರಿ' ಅಂದ.
ಅಂದದ್ದು ಕೇಳಲಿಲ್ಲ, ತುಟಿ ಓದಿದೆ.

ಅಡ್ಡಿಲ್ಲ, ಹೋದೆ. ಊರೆಲ್ಲ ಹೋಗಿತ್ತು.

ಮೊದಲ ದಿನ ವಾದ್ಯಗಳ ಪ್ರದರ್ಶನ.
ಗಾಜಿನ ಪೆಟ್ಟಿಗೆಯೊಳಗೆ ಅಂಕೋಲೆಯ ಗುಮಟೆ,
ಪಕ್ಕದಲ್ಲಿ ಯಾವುದೋ ಮರುಭೂಮಿಯ ಸೋರೆಬುರುಡೆಯ ವೀಣೆ,
ಕುದುರೆ ಬಾಲದ ತಂತಿ, ಮೀನಿನ ಚರ್ಮದ ದಮ್ಮಡಿ,
ಎಲ್ಲದರ ಮೇಲೂ ಒಂದೇ ಮಾತು: ಮುಟ್ಟಬೇಡಿ.
ಮುಟ್ಟದೆ ಎಂತ ಮಾಡುವುದು ನಾನು?
ಬೇರೆಯವರಿಗೆ ಮುಚ್ಚಿದ್ದು ಪೆಟ್ಟಿಗೆ,
ನನಗೆ ಬಾಗಿಲೇ.

ಎರಡನೆಯ ದಿನ ಶೆವಂತಿಯೂ ಬಂದಳು,
ಬಂಗಡೆ ಹುರಿಯುವ ಅಂಗಡಿಗಳ ಸಾಲಲ್ಲಿ
'ರವೆ ಹಚ್ಚಿದ್ದು ದಪ್ಪವಾಯಿತು' ಎಂದು ಎಲ್ಲರಿಗೂ ಹೇಳಿದಳು.
ಹಾಲಕ್ಕಿ ಹೆಂಗಸರ ಮಧ್ಯೆ ಕೂತು
ಬೆಳ್ಳಿಗೂದಲಿನ ಪರದೇಶಿ ಹುಡುಗಿಯೊಬ್ಬಳು
ಅವರ ಕೊರಳ ಮಣಿಸರ ಎಣಿಸುತ್ತಿದ್ದಳು,
ಲೆಕ್ಕ ತಪ್ಪಿತು, ಮತ್ತೆ ಎಣಿಸಿದಳು,
ಅವರು ನಕ್ಕರು, ಅವಳೂ.
ಆ ನಗು ನನಗೆ ಪೂರ್ತಿ ಅರ್ಥವಾಯಿತು.

ರಾತ್ರಿ ವೇದಿಕೆಯ ಮುಂದೆ ನಿಂತೆ.
ಒಬ್ಬ ಹೆಬ್ಬೆರಳಿನಿಂದ ಏನೋ ಮೀಟುತ್ತಿದ್ದ,
ಸಾವಿರ ತಲೆ ಭತ್ತದ ಗದ್ದೆಯಂತೆ ವಾಲುತ್ತಿದ್ದವು.
ನನಗೆ ಗಾಳಿ ಕಾಣುತ್ತಿತ್ತು, ಗಾಳಿಯ ಸದ್ದಿಲ್ಲ.
ಚಪ್ಪಲಿ ಬಿಟ್ಟು ನೋಡಿದೆ:
ಒಣ ಮರಳು ಗುಟ್ಟು ಕಾಯುವ ಜಾತಿ, ಏನೂ ಬಿಡಲಿಲ್ಲ.
ಹಸಿ ಮರಳಿಗೆ ಹೋದೆ,
ಅಲ್ಲಿ ತೆರೆಯದೇ ಮಾತು.

ಮೂರನೆಯ ದಿನ ಕಿಸೆಯಲ್ಲಿ
ಒಂದಡಿಯ ಸ್ಕ್ರೂಡ್ರೈವರ್.
ಇಂಜಿನ್ನಿಗೆ ಎಲ್ಲಿ ನೋವೆಂದು ನಾವು ಹುಡುಕುವುದು ಹೀಗೆ:
ತುದಿ ಕಬ್ಬಿಣಕ್ಕೆ,
ಹಿಡಿ ಕಿವಿಯ ಹಿಂದಿನ ಎಲುಬಿಗೆ.
ವೇದಿಕೆಯ ಹಿಂದೆ, ದೀಪ ಹೊತ್ತ ಕಂಬದ ಬುಡದಲ್ಲಿ
ಉಚ್ಚೆಗೆ ಕೂತವನ ಹಾಗೆ ಕೂತು
ತುದಿ ಇಟ್ಟೆ.

ಬಂತು.

ಮೊದಲು ಹಲಗೆ ತುಳಿಯುವ ಹಿಮ್ಮಡಿ,
ಆಮೇಲೆ ಹೊಟ್ಟೆಯಿಂದ ಮಾತಾಡುವ ಚರ್ಮ,
ಆಮೇಲೆ, ಹೇಗೆ ಹೇಳಲಿ,
ಭಾರದ ಬಲೆ ನೀರಿಂದ ಮೇಲೇಳುವಾಗ
ರಾಟೆ ಅಳುತ್ತದಲ್ಲ, ಅಂಥ ಒಂದು ಎಳೆ.
ಹೆಂಗಸೋ ಪಿಟೀಲೋ ಗೊತ್ತಾಗಲಿಲ್ಲ.
ಉಳಿದ ಹನ್ನೊಂದು ಹಲ್ಲೂ ಝುಮ್ಮೆಂದವು.

ಅದರಡಿಯಲ್ಲಿ ಇನ್ನೊಂದು, ಹಾಡಿಗೆ ಸೇರದ್ದು.
ಜನರೇಟರಿನ ಲಾರಿಯನ್ನು ಆ ಕಂಬಕ್ಕೇ ತಾಗಿಸಿ ನಿಲ್ಲಿಸಿದ್ದರು.
ನಾಲ್ಕರಲ್ಲೊಂದು ಬಡಿತ ತಪ್ಪುತ್ತಿದೆ.
ಮೂರನೇ ಇಂಜೆಕ್ಟರಿನ ನಟ್ಟು ಸಡಿಲ,
ಡೀಸೆಲ್ ಸೋರುತ್ತಿದೆ,
ಇನ್ನು ಅರ್ಧ ಗಂಟೆ, ಹೆಚ್ಚೆಂದರೆ.
ಕೇಳಿಸದಿದ್ದರೆ ಚೆನ್ನಾಗಿತ್ತು ಎಂದು
ಜೀವಮಾನದಲ್ಲಿ ಮೊದಲ ಸಲ ಅನಿಸಿತು.

ಭುಜದ ಮೇಲೆ ಕೈ.
ಹೋಮ್ ಗಾರ್ಡ್ ಹುಡುಗಿ, ಹಳಿಯಾಳದ ಕಡೆಯವಳು,
ಎದೆಯ ಪಟ್ಟಿಯಲ್ಲಿ ಹೆಸರು: ಜುಲಿಯಾನಾ ಸಿದ್ದಿ.
ಕಂಬ ಬಿಚ್ಚುವ ಕಳ್ಳನೆಂದುಕೊಂಡಿರಬೇಕು,
ತುಟಿ ಎರಡು ಸಲ ಅದನ್ನೇ ಅಂತು.
ಮಾತಿನ ಬದಲು ಸ್ಕ್ರೂಡ್ರೈವರ್ ಕೊಟ್ಟೆ,
ಎಲುಬು ತೋರಿಸಿದೆ.
ಟೊಪ್ಪಿ ತೆಗೆದಳು, ಒತ್ತಿಕೊಂಡಳು.
ನನ್ನನ್ನು ಹಿಡಿದಿದ್ದ ಕಣ್ಣು
ಮೆಲ್ಲಗೆ ನನ್ನನ್ನು ಬಿಟ್ಟಿತು.

ಲಾರಿಯ ಹುಡುಗ ಮೊಬೈಲು ನೋಡುತ್ತಿದ್ದ.
ಅವನದೇ ಪಾನಾ, ಕಾಲು ಸುತ್ತು, ಅಷ್ಟೇ.
ಅಂಗೈಯಿಟ್ಟು ನೋಡಿದೆ:
ಒಂದು ಎರಡು ಮೂರು ನಾಲ್ಕು.
ದೀಪಗಳು ಒಮ್ಮೆ ಎಚ್ಚರವಾದವು.
ವೇದಿಕೆಯ ಮೇಲೆ ಯಾರೂ ತಿರುಗಿ ನೋಡಲಿಲ್ಲ,
ನೋಡಬಾರದು ಕೂಡ.

ಹಾಡು ಮುಗಿದದ್ದು ನನಗೆ ತಿಳಿದದ್ದು
ಅವಳು ಮೊಣಕಾಲಿನ ಮರಳು ಕೊಡವಿ ಎದ್ದಾಗ.
ತುದಿಯನ್ನು ಅಂಗಿಗೆ ಒರೆಸಿ ವಾಪಸು ಕೊಟ್ಟಳು.
'ಯಾವ ದೇಶದ್ದು?' ಕೇಳಿದೆ.
ಏನೋ ಹೇಳಿದಳು, ಮತ್ತೊಮ್ಮೆ ನಿಧಾನ ಹೇಳಿದಳು.
ಆ ಊರಿನ ಹೆಸರು
ತುಟಿಯಲ್ಲಿ ಓದಲು ನನಗೆ ಬರಲಿಲ್ಲ.